ಲಕ್ಕಮ್ಮನ ಎರಡು ಎಚ್ಚರಿಕೆಗಳು

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನೆಂಬ ಶರಣನಿದ್ದನು. ಅವನು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರದಿಂದ ಬಂದವನು. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದ ಜಂಗಮದಾಸೋಹವನ್ನು ನಡೆಸುವುದೇ ಅವನ ಕಾಯಕ. ಒಂದು ದಿನ ಅವನು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತನು. ಹೊತ್ತು ಮೀರುತ್ತ ಬಂದಿತು. ಆಗ ಅವನ ಸತಿಯಾದ ಲಕ್ಕಮ್ಮನು, ಕಾಯಕವು ನಿಂತುಹೋಗುತ್ತಿದೆ, ಎದ್ದು ನಡೆಯಬೇಕು ಎಂದು ಅವನನ್ನು ಎಚ್ಚರಿಸಿದಳು. ಮಾರಯ್ಯನು ಅವಸರದಿಂದ ಹೋಗಿ ಆ ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಗಂಟನ್ನು ನೋಡಿದೊಡನೆಯೇ ಲಕ್ಕಮ್ಮನು ಮತ್ತೆ ತಡೆದಳು. ಎಂದಿನ ಅಳತೆಗಿಂತ ಹೆಚ್ಚಾದ ಅಕ್ಕಿ ಆಸೆಯ ಅಕ್ಕಿ, ಅದನ್ನು ತಂದಲ್ಲಿಗೇ ಸುರಿದು ಬರಬೇಕು ಎಂದಳು. ಈ ಪ್ರಸಂಗವನ್ನು ಅರಿಯದ ಶರಣಸಾಹಿತ್ಯಪ್ರೇಮಿಗಳು ವಿರಳ.

ಪುರಾಣ ಪ್ರವಚನಗಳಲ್ಲಿ ಇವೆರಡನ್ನೂ ಬೇರೆ ಬೇರೆ ಉಪದೇಶಗಳಾಗಿ ವಿವರಿಸುವುದು ವಾಡಿಕೆ: ಮೊದಲನೆಯದು ಕಾಯಕನಿಷ್ಠೆಗೆ, ಎರಡನೆಯದು ಅಪರಿಗ್ರಹಕ್ಕೆ. ಆದರೆ ಇವೆರಡೂ ಒಂದೇ ಅಳತೆಗೋಲಿನ ಎರಡು ತುದಿಗಳೆಂಬುದು ತುಸು ಯೋಚಿಸಿದವರಿಗೆ ಹೊಳೆಯದಿರದು. ಬರಿದಾಗುವುದಕ್ಕೆ ಮುನ್ನ ಒಂದು ಎಚ್ಚರಿಕೆ, ತುಂಬಿ ಹೊರಸೂಸುವುದಕ್ಕೆ ಮುನ್ನ ಇನ್ನೊಂದು ಎಚ್ಚರಿಕೆ. ಆ ಮಹಾತಾಯಿಯು ಒಂದೇ ದಿನ ಎರಡನ್ನೂ ನುಡಿದಳು.

ಈ ಎರಡು ಎಚ್ಚರಿಕೆಗಳನ್ನು ಇಂದು ಪ್ರತಿಯೊಬ್ಬ ಗೃಹಸ್ಥನ ಕಣ್ಣೆದುರಿಗೆ ತಂದಿಟ್ಟಿರುವ ವಸ್ತು ಯಾವುದೆಂದರೆ ಅವನ ಮೋಟಾರು ಕಾರು. ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ಕಾರು ನಿಲ್ಲದ ಬೀದಿಯನ್ನು ಹುಡುಕುವುದು ಕಷ್ಟ. ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕು ತುಂಬುತ್ತಿದ್ದಂತೆ ಕೊಳವೆಯ ಬಾಯಿ ತಾನಾಗಿಯೇ ಟಕ್ಕೆಂದು ನಿಲ್ಲುತ್ತದೆ. ಇದು ಮೇಲಿನ ತುದಿಯ ಎಚ್ಚರಿಕೆ. ಇಂಧನವು ತಳಕ್ಕೆ ಇಳಿದಾಗ ಚಾಲಕನ ಮುಂದಿನ ಫಲಕದಲ್ಲಿ ಬಂಕಿನ ಚಿತ್ರವುಳ್ಳ ಒಂದು ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಇದು ಕೆಳಗಿನ ತುದಿಯದು. ಇಂಧನವೆಂಬ ಶಬ್ದವು ಬೆಳಗು, ಉರಿ ಎಂಬರ್ಥದ ‘ಇಂಧ್’ ಧಾತುವಿನಿಂದ ಬಂದುದು. ಯಜ್ಞದ ಸಮಿತ್ತೂ ಅದೇ ಧಾತುವಿನ ಸಂತಾನ. ಬೆಳಗಬೇಕಾದ ವಸ್ತುವು ಬರಿದಾಗುತ್ತಿರುವುದನ್ನು ಒಂದು ಕಿರುಬೆಳಕೇ ತಿಳಿಸುವುದು ಸೊಗಸಾದ ಸಂಗತಿ.

ಆ ದೀಪದ ಹಿಂದಿರುವ ಯಂತ್ರ ಬಹಳ ಸರಳ. ಟ್ಯಾಂಕಿನೊಳಗೆ ಒಂದು ತೇಲುಬೆಂಡು ಉಂಟು. ಅದಕ್ಕೆ ಒಂದು ಕಡ್ಡಿ ಕಟ್ಟಿರುತ್ತದೆ. ಪೆಟ್ರೋಲ್ ಇಳಿದಂತೆ ಬೆಂಡೂ ಇಳಿಯುತ್ತದೆ, ಕಡ್ಡಿಯು ವಾಲುತ್ತದೆ. ಆ ವಾಲುವಿಕೆಗೆ ತಕ್ಕಂತೆ ವಿದ್ಯುತ್ತಿನ ಹರಿವು ಹೆಚ್ಚುಕಡಿಮೆಯಾಗಿ, ಮುಂದಿನ ಮುಳ್ಳು ಏರುತ್ತದೆ ಅಥವಾ ಇಳಿಯುತ್ತದೆ. ರಸ್ತೆಯ ಕುಲುಕಾಟಕ್ಕೆ ಪೆಟ್ರೋಲ್ ತುಳುಕುವುದರಿಂದ ಮುಳ್ಳು ಕ್ಷಣಕ್ಷಣಕ್ಕೂ ಕುಣಿಯದಂತೆ ಸಾವಕಾಶವಾಗಿ ಚಲಿಸುವ ಏರ್ಪಾಡನ್ನೂ ಮಾಡಿರುತ್ತಾರೆ. ಇಳಿಜಾರಿನಲ್ಲಿ ನಿಂತ ಕಾರಿನಲ್ಲಿ ಪೆಟ್ರೋಲ್ ಒಂದು ಪಕ್ಕಕ್ಕೆ ಸರಿಯುವುದರಿಂದ ಮುಳ್ಳು ತುಸು ತಪ್ಪು ಹೇಳುವುದೂ ಉಂಟು. ಟ್ಯಾಂಕಿನಲ್ಲಿ ಇನ್ನು ಕೆಲವೇ ಲೀಟರು ಉಳಿದಿರುವಾಗ ದೀಪ ಹೊತ್ತುತ್ತದೆ. ಇಲ್ಲಿ ಗಮನಿಸತಕ್ಕ ವಿಷಯವಿದೆ. ಎಲ್ಲವೂ ಮುಗಿದ ಮೇಲೆ ಹೊತ್ತುವ ದೀಪದಿಂದ ಯಾರಿಗೂ ಪ್ರಯೋಜನವಿಲ್ಲ. ಇನ್ನೂ ಸ್ವಲ್ಪ ಉಳಿದಿರುವಾಗಲೇ, ಅಂದರೆ ತಿದ್ದಿಕೊಳ್ಳುವುದಕ್ಕೆ ಅವಕಾಶವಿರುವಾಗಲೇ ಅದು ಹೊತ್ತುತ್ತದೆ. ಲಕ್ಕಮ್ಮನು ಮಾರಯ್ಯನನ್ನು ಎಚ್ಚರಿಸಿದ್ದು ಹೊತ್ತು ಪೂರ್ತಿ ಕಳೆದ ಮೇಲಲ್ಲ. ಹೋಗಿ ಅಕ್ಕಿ ಆಯುವಷ್ಟು ಹಗಲು ಇನ್ನೂ ಉಳಿದಿತ್ತು. ಎಚ್ಚರಿಕೆಯು ಕೋಪದ ಮಾತಾಗಿ ಕೇಳಿಸಿದರೂ ಅದರೊಳಗೆ ಕರುಣೆಯಿರುವುದು ಈ ಉಳಿಕೆಯಲ್ಲಿ.

ಕಾರುಗಳು ಇಷ್ಟು ಹೆಚ್ಚುವುದಕ್ಕೆ ಮುಂಚೆ ಈ ಬಡಾವಣೆಗಳ ಮಧ್ಯಮ ವರ್ಗದವರ ವಾಹನ ಸ್ಕೂಟರು. 1972ರಲ್ಲಿ ಬಂದ ಬಜಾಜ್ ಚೇತಕ್ ಮೊದಲಾದ ಹಳೆಯ ಸ್ಕೂಟರುಗಳಲ್ಲಿ ರಿಸರ್ವಿನ ವ್ಯವಸ್ಥೆ ಬೇರೆ ರೀತಿಯದಾಗಿತ್ತು. ಟ್ಯಾಂಕಿನಿಂದ ಪೆಟ್ರೋಲ್ ಹೊರಡುವುದಕ್ಕೆ ಎರಡು ಬಾಯಿಗಳು, ಒಂದು ಎತ್ತರದಲ್ಲಿ, ಇನ್ನೊಂದು ತಳದಲ್ಲಿ. ಪೆಟ್ರೋಲ್ ಎತ್ತರದ ಬಾಯಿಗಿಂತ ಕೆಳಗಿಳಿದೊಡನೆ ಎಂಜಿನು ಬಿಕ್ಕಳಿಸಿ ನಿಲ್ಲುತ್ತಿತ್ತು. ಸವಾರನು ಕೆಳಗೆ ಬಾಗಿ ತಿರುಪನ್ನು ರಿಸರ್ವಿಗೆ ತಿರುಗಿಸಬೇಕಾಗಿತ್ತು. ಆಗ ತಳದ ಬಾಯಿ ತೆರೆದು ಬಂಕಿನವರೆಗೆ ಹೋಗುವಷ್ಟು ದಾರಿ ಸಿಗುತ್ತಿತ್ತು. ಅಂದರೆ ಎಚ್ಚರಿಕೆಯನ್ನು ಸವಾರನು ತನ್ನ ಕೈಯಿಂದಲೇ ಸ್ವೀಕರಿಸಬೇಕಾಗಿತ್ತು. ಇಂದಿನ ದೀಪಕ್ಕೆ ಆ ಬಲವಿಲ್ಲ. ಅದು ಹೊತ್ತಿ ಸುಮ್ಮನಿರುತ್ತದೆ, ಚಾಲಕನೂ ಸುಮ್ಮನಿರಬಹುದು. ಸೋಮವಾರ ಹೊತ್ತಿದ ದೀಪವನ್ನು ಬುಧವಾರದವರೆಗೆ ನೋಡುತ್ತಲೇ ಓಡಾಡುವವರಿದ್ದಾರೆ. ಮೊದಲ ದಿನ ಅದು ಎಚ್ಚರಿಕೆ, ಎರಡನೆಯ ದಿನ ಅಭ್ಯಾಸ, ಮೂರನೆಯ ದಿನ ಅದು ಕಣ್ಣಿಗೇ ಬೀಳದು.

ಆ ಹಳೆಯ ಸ್ಕೂಟರಿನಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ಪೆಟ್ರೋಲ್ ತುಂಬಿಸಿದ ಮೇಲೆ ತಿರುಪನ್ನು ರಿಸರ್ವಿನಿಂದ ಮತ್ತೆ ಮೊದಲಿನ ಸ್ಥಾನಕ್ಕೆ ತಿರುಗಿಸಬೇಕಾಗಿತ್ತು. ಅದನ್ನು ಮರೆತವನಿಗೆ ಮುಂದಿನ ಸಲ ಯಾವ ಎಚ್ಚರಿಕೆಯೂ ಇಲ್ಲ. ತಳದವರೆಗೂ ಹೀರಿಕೊಂಡು ಒಮ್ಮೆಗೇ ನಿಂತುಬಿಡುತ್ತಿತ್ತು. ಆಮೇಲೆ ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ ಮೂಲೆಯಲ್ಲಿದ್ದ ನಾಲ್ಕು ತೊಟ್ಟುಗಳಿಂದ ಬಂಕು ಸೇರುವ ಪ್ರಯತ್ನ, ಅದೂ ಆಗದಿದ್ದರೆ ತಳ್ಳುವುದು. ಗುರುವು ಒಮ್ಮೆ ಎಚ್ಚರಿಸಿದಾಗ ಶಿಷ್ಯನು ನಡೆಯನ್ನು ತಿದ್ದಿಕೊಳ್ಳುತ್ತಾನೆ. ತಿದ್ದಿಕೊಂಡ ಮೇಲೆ ಮನಸ್ಸನ್ನು ಮತ್ತೆ ಎಚ್ಚರದ ಸ್ಥಾನದಲ್ಲಿ ನಿಲ್ಲಿಸದೆ, ಗುರುಕೃಪೆಯಾಯಿತು, ಇನ್ನು ಭಯವಿಲ್ಲವೆಂದು ನಡೆದರೆ ಅವನ ಗತಿಯೂ ಆ ಸವಾರನದೇ.

ಇನ್ನು ಈಚಿನ ಕಾರುಗಳಲ್ಲಿ ದೀಪದ ಜೊತೆಗೆ ಒಂದು ಅಂಕೆಯೂ ತೋರುತ್ತದೆ: ಇರುವ ಇಂಧನದಲ್ಲಿ ಇನ್ನು ಇಷ್ಟು ಕಿಲೋಮೀಟರು ಹೋಗಬಹುದು ಎಂದು. ಜನರು ದೀಪಕ್ಕಿಂತ ಈ ಅಂಕೆಯನ್ನೇ ಹೆಚ್ಚು ನಂಬುತ್ತಾರೆ. ಸಂಖ್ಯೆಯೆಂದರೆ ಸತ್ಯವೆಂಬ ಭಾವನೆ ಬೇರೂರಿದೆ. ತರ್ಕಶಾಸ್ತ್ರದ ದೃಷ್ಟಿಯಿಂದ ಅಂಕೆ ಮತ್ತು ದೀಪ ಒಂದೇ ಜಾತಿಯವಲ್ಲ. ದೀಪವು ತೇಲುಬೆಂಡು ಕಂಡದ್ದನ್ನು ಹೇಳುತ್ತದೆ. ಅದು ಪ್ರತ್ಯಕ್ಷಕ್ಕೆ ಸಮೀಪವಾದುದು. ಅಂಕೆಯಾದರೋ ಅನುಮಾನ. ಹಿಂದೆ ಓಡಿದ ದಾರಿಯಲ್ಲಿ ಲೀಟರಿಗೆ ಎಷ್ಟು ದೂರ ಬಂದಿತೋ ಮುಂದೆಯೂ ಅಷ್ಟೇ ಬರುವುದೆಂದು ಭಾವಿಸಿ ಮಾಡಿದ ಗುಣಾಕಾರ ಅದು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆನ್ನಲಾಗದು, ಹಸಿಸೌದೆ ಸೇರಿದಾಗ ಮಾತ್ರ ಹೊಗೆ. ಆ ಹಸಿಸೌದೆಯನ್ನು ನೈಯಾಯಿಕರು ಉಪಾಧಿಯೆಂದು ಕರೆದರು. ಕಾರಿನ ಅಂಕೆಗೂ ಒಂದು ಉಪಾಧಿಯಿದೆ: ಮುಂದಿನ ದಾರಿ ಹಿಂದಿನ ದಾರಿಯಂತೆಯೇ ಇರಬೇಕು.

ಬಸವೇಶ್ವರನಗರದ ಒಂದು ಕುಟುಂಬವು ಸುತ್ತೂರಿನ ಜಾತ್ರೆಗೆ ಹೋಗಿ ಮರಳುತ್ತಿದೆಯೆಂದು ಭಾವಿಸಬಹುದು. ಮೈಸೂರಿನಿಂದ ಬೆಂಗಳೂರಿನ ಕಡೆಗೆ 118 ಕಿ.ಮೀ. ಉದ್ದದ ಹೆದ್ದಾರಿ, 2023ರ ಮಾರ್ಚ್ 12ರಂದು ಅದು ಉದ್ಘಾಟನೆಯಾಯಿತು. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಯಾವುದರ ಪೇಟೆಯನ್ನೂ ಹೊಗದೆ ಕಾರು ಒಂದೇ ವೇಗದಲ್ಲಿ ಬರುತ್ತದೆ. ಅಂಥ ದಾರಿಯಲ್ಲಿ ಲೀಟರಿಗೆ 18 ಕಿ.ಮೀ. ಬಂದರೆ, ಉಳಿದ 5 ಲೀಟರಿಗೆ ಅಂಕೆಯು 90 ಕಿ.ಮೀ. ಎಂದು ತೋರಿಸುತ್ತದೆ. ಮನೆ ಇನ್ನು 40 ಕಿ.ಮೀ. ಇರುವಾಗ ಚಿಂತೆಯೇಕೆ? ಆದರೆ ಕೆಂಗೇರಿ ಬಂದೊಡನೆ ಉಪಾಧಿ ತಪ್ಪುತ್ತದೆ. ನಾಯಂಡಹಳ್ಳಿಯ ಕಡೆಗೆ ಸಂಜೆಯ ವಾಹನಸಂದಣಿ. ಹತ್ತು ಮಾರು ಹೋಗಿ ನಿಲ್ಲುವುದು, ಮತ್ತೆ ಹತ್ತು ಮಾರು. ನಿಂತಲ್ಲಿಯೇ ಓಡುವ ಎಂಜಿನು ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚು ಕುಡಿಯುತ್ತದೆ, ಒಳಗೆ ತಂಪುಯಂತ್ರ ಓಡುತ್ತಿದ್ದರೆ ಇನ್ನೂ ಹೆಚ್ಚು. ಲೀಟರಿಗೆ 10 ಕಿ.ಮೀ.ಗೆ ಇಳಿದಾಗ ಅದೇ 5 ಲೀಟರಿನ ಬೆಲೆ 50 ಕಿ.ಮೀ. ಮಾತ್ರ. ಒಂದೇ ಒಂದು ತೊಟ್ಟೂ ಸೋರದೆ 40 ಕಿ.ಮೀ. ಮಾಯವಾಯಿತು! ಯಂತ್ರವು ಸುಳ್ಳು ಹೇಳಿತೆಂದು ಜನ ದೂರುತ್ತಾರೆ. ಯಂತ್ರವು ಹಿಂದಿನದನ್ನು ಸರಿಯಾಗಿಯೇ ಹೇಳಿತು. ಅದನ್ನು ಮುಂದಿನದಕ್ಕೆ ಕೊಟ್ಟ ಭಾಷೆಯೆಂದು ತಿಳಿದವನು ಚಾಲಕ. ಇಂಧನದ ಗುಣವೂ ಬದಲಾಗುತ್ತದೆ: ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶವು 2025ರಲ್ಲಿ ಮುಟ್ಟಿತು, ಒಂದು ಲೀಟರು ಎಥನಾಲಿನ ಶಕ್ತಿ ಒಂದು ಲೀಟರು ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಪಾಲು. ಎಷ್ಟೋ ಕಾರುಗಳಲ್ಲಿ ಇಂಧನ ತೀರ ಕಡಮೆಯಾದಾಗ ಅಂಕೆಯು ಅಳಿದು ಬರಿಯ ಗೆರೆಗಳು ಉಳಿಯುತ್ತವೆ. ಅನುಮಾನವು ತನ್ನ ಎಲ್ಲೆಯನ್ನು ತಾನೇ ಒಪ್ಪಿಕೊಳ್ಳುವ ಆ ಕ್ಷಣ ಪ್ರಶಂಸನೀಯವಾದುದು. ಪಂಡಿತರಲ್ಲಿ ಅಷ್ಟು ವಿನಯ ಅಪರೂಪ.

ಅದೇ ಹೆದ್ದಾರಿಯಲ್ಲಿ ಹೋಗುವಾಗಿನ ಅಪಾಯ ಬೇರೆ. ಅದು ತೆರೆದ ಹೊಸದರಲ್ಲಿ ಮುಖ್ಯಪಥದ ಅಂಚಿನಲ್ಲಿ ಬಂಕಾಗಲಿ ತಂಗುದಾಣವಾಗಲಿ ಇಲ್ಲವೆಂಬ ದೂರು ಬಹಳ ಕೇಳಿಬಂದಿತು. ಇಂಧನ ಬೇಕಾದವರು ಹೊರದಾರಿಯನ್ನು ಕಾದು ಸೇವಾರಸ್ತೆಗೆ ಇಳಿಯಬೇಕಾಗಿತ್ತು. 2023ರ ಆಗಸ್ಟ್ 1ರಿಂದ ಮುಖ್ಯಪಥದಲ್ಲಿ ಸ್ಕೂಟರು, ಆಟೋ ಮೊದಲಾದ ನಿಧಾನದ ವಾಹನಗಳಿಗೆ ಪ್ರವೇಶವಿಲ್ಲ. ಗಂಟೆಗೆ 100 ಕಿ.ಮೀ. ವೇಗದ ವಾಹನಗಳ ನಡುವೆ ಬರಿದಾಗಿ ನಿಂತ ಕಾರು ತನಗೂ ಗಂಡಾಂತರ, ಹಿಂದೆ ಬರುವವರಿಗೂ ಗಂಡಾಂತರ. ಜರ್ಮನಿಯ ಹೆದ್ದಾರಿಗಳಲ್ಲಿ ಇಂಧನ ಮುಗಿಸಿಕೊಂಡು ನಿಲ್ಲುವುದನ್ನು ಚಾಲಕನ ತಪ್ಪೆಂದೇ ಎಣಿಸಿ ದಂಡ ಹಾಕುತ್ತಾರೆ. ಮೊದಲೇ ತಿಳಿಸಿದ್ದರೂ ತಪ್ಪಿಸಿಕೊಳ್ಳದೆ ಹೋದುದನ್ನು ಆಕಸ್ಮಿಕವೆಂದು ಕರೆಯುವುದು ಹೇಗೆ ಎಂಬುದು ಅವರ ವಾದ.

ಷಟ್‌ಸ್ಥಲಸಿದ್ಧಾಂತದಲ್ಲಿ ಇದಕ್ಕೆ ಸ್ಥಾನವೆಲ್ಲಿ ಎಂದು ಜಿಜ್ಞಾಸುಗಳು ಕೇಳಬಹುದು. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ ಎಂದು ಆಚಾರ್ಯರು ಭಕ್ತಿಯ ಬಗೆಗಳನ್ನು ವಿಂಗಡಿಸಿದ್ದಾರೆ. ಅವಧಾನವೆಂದರೆ ಎಚ್ಚರದಿಂದ ಕೂಡಿದ ಗಮನ. ಆ ಸ್ಥಲಕ್ಕೆ ಹೇಳಿದ ತತ್ತ್ವ ಅಗ್ನಿ, ಇಂದ್ರಿಯ ನೇತ್ರ. ನಿಷ್ಠೆಯು ಗಟ್ಟಿಯಾದ ಮೇಲೆಯೇ ಅವಧಾನವನ್ನು ಏಕೆ ಹೇಳಿದರು? ನಿಷ್ಠಾವಂತನಿಗೇ ಮೈಮರೆವಿನ ಅಪಾಯ ಹೆಚ್ಚು. ಮಾರಯ್ಯನು ಮೈಮರೆತದ್ದು ಜೂಜುಕಟ್ಟೆಯಲ್ಲಲ್ಲ, ಅನುಭಾವಗೋಷ್ಠಿಯಲ್ಲಿ. ಒಳ್ಳೆಯ ಕೆಲಸದಲ್ಲಿದ್ದೇನೆಂಬ ನೆಮ್ಮದಿಯೇ ಅವನ ಕಣ್ಣಿಗೆ ತೆರೆಯಾಯಿತು. ಪ್ರಸಾದಿಯಾದವನು ತನಗೆ ಒದಗಿದ ಎಲ್ಲವನ್ನೂ, ನೆಲದಾಳದಿಂದ ಬಂದ ಎಣ್ಣೆಯನ್ನು ಕೂಡ, ಶಿವನು ಕೊಟ್ಟದ್ದೆಂದು ಸ್ವೀಕರಿಸುತ್ತಾನೆ. ಕೊಟ್ಟದ್ದು ಎಷ್ಟಿದೆ, ಎಷ್ಟು ಉಳಿದಿದೆ, ಯಾರ ಸಲುವಾಗಿ ಉಳಿದಿದೆ ಎಂಬುದನ್ನು ನೋಡುವ ಕಣ್ಣು ಅವನದು. ಎಚ್ಚರಿಕೆ ಕಾಯಕದ ಮುಕ್ತಿನಾಥಯ್ಯನೆಂಬ ವಚನಕಾರನ ಹೆಸರು ಉಳಿದುಬಂದಿದೆ. ಎಚ್ಚರಿಸುವುದೂ ಅಕ್ಕಿ ಆಯುವಂತೆ, ಸೌದೆ ಹೊರುವಂತೆ ಒಂದು ಕಾಯಕವೆಂದು ಶರಣರು ಮನ್ನಿಸಿದ್ದರೆಂಬುದಕ್ಕೆ ಆ ಹೆಸರೇ ಸಾಕ್ಷಿ.

ಯಾರ ಸಲುವಾಗಿ ಎಂಬ ಪ್ರಶ್ನೆ ಇಲ್ಲಿ ಮುಖ್ಯವಾದುದು. ಮನೆಯ ಕಾರು ಒಬ್ಬನದಲ್ಲ. ಸಂಜೆ ಕಿರಿಯ ಮಗನು ಗೆಳೆಯರೊಡನೆ ಸುತ್ತಾಡಿ ಬಂದು, ದೀಪ ಹೊತ್ತಿರುವುದನ್ನು ಕಂಡೂ, ನಾಳೆ ಅಣ್ಣನು ಹಾಕಿಸಿಕೊಳ್ಳುತ್ತಾನೆಂದು ಬೀಗದ ಕೈಯನ್ನು ಮೊಳೆಗೆ ನೇತುಹಾಕಿ ಮಲಗುತ್ತಾನೆ. ನಡುರಾತ್ರಿ ತಂದೆಗೆ ಎದೆನೋವು ಬರುತ್ತದೆ. ಅಣ್ಣನು ಕಾರನ್ನು ತೆಗೆದಾಗ ಕಾಣುವುದು ಆ ಹಳದಿ ದೀಪ. ಹತ್ತಿರದ ಬಂಕು ಮುಚ್ಚಿದೆ. ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿರುವ ಮುದುಕನಿಗೆ ಟ್ಯಾಂಕಿನ ಲೆಕ್ಕ ತಿಳಿಯದು. ಅಜಾಗರೂಕತೆಯ ಫಲವನ್ನು ಉಣ್ಣುವವನು ಬಹುಮಟ್ಟಿಗೆ ಚಕ್ರ ಹಿಡಿದವನಲ್ಲ. ಲಕ್ಕಮ್ಮನಿಗೂ ಇದೇ ಕಳವಳ. ಗಂಡನು ಹಸಿದಿದ್ದರೆ ಆಕೆ ಅಷ್ಟು ಅವಸರಪಡುತ್ತಿರಲಿಲ್ಲ. ಆಯ್ದು ತರುವ ಅಕ್ಕಿಯನ್ನು ನಂಬಿ ಜಂಗಮರು ಬಾಗಿಲಿಗೆ ಬರುವವರಿದ್ದರು. ಬೇರೆಯವರಿಂದ ಕಾರನ್ನು ಎರವಲು ತಂದವನು ಪಡೆದಾಗ ಇದ್ದಷ್ಟಾದರೂ ಇಂಧನವನ್ನು ತುಂಬಿಸಿ ಹಿಂತಿರುಗಿಸುವುದು ದಾಸೋಹದ ಮೊದಲ ಅಕ್ಷರ. ಇದನ್ನು ಮನೆಯೊಳಗೆ, ಅಣ್ಣತಮ್ಮಂದಿರಲ್ಲಿ, ಅತ್ತೆಸೊಸೆಯರಲ್ಲಿ ಪಾಲಿಸುವುದು ಎರವಲಿಗಿಂತ ಕಷ್ಟ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ನಾಳೆಗೆ ಕೂಡಿಡಬಾರದೆಂಬುದು ಶರಣರ ನಡೆ. ಹೆಚ್ಚಿನ ಅಕ್ಕಿಯನ್ನು ಸುರಿಸಿ ಬರಹೇಳಿದವಳೇ ಲಕ್ಕಮ್ಮ. ಹಾಗಿದ್ದಲ್ಲಿ ಟ್ಯಾಂಕು ತುಂಬಿಸಿಡುವುದು ಸಂಗ್ರಹವಲ್ಲವೇ? ಶಿವನು ನಡೆಸುತ್ತಾನೆಂದು ದೀಪವನ್ನು ನೋಡಿಯೂ ಹೊರಡುವುದೇ ಹೆಚ್ಚಿನ ಭಕ್ತಿಯಲ್ಲವೇ? ಹೀಗೆ ಹೇಳುವವರು ಲಕ್ಕಮ್ಮನ ಎರಡನೆಯ ಮಾತನ್ನು ಕೇಳಿ ಮೊದಲನೆಯದನ್ನು ಮರೆತವರು. ಕಾಯಕಕ್ಕೆ ಬೇಕಾದ ಸಾಧನವು ಸಂಗ್ರಹವಲ್ಲ. ಮೋಳಿಗೆಯ ಮಾರಯ್ಯನು ಸೌದೆಯ ಹೊರೆಯನ್ನು ಹೊತ್ತು ಮಾರಿದವನು, ಅಂದರೆ ಕಲ್ಯಾಣಕ್ಕೆ ಇಂಧನ ಒದಗಿಸಿದವನು. ಅವನ ಹೊರೆಯಲ್ಲಿ ಸೌದೆಯಿರದಿದ್ದರೆ ಅದು ವೈರಾಗ್ಯವಾಗುತ್ತಿರಲಿಲ್ಲ, ಕೆಲವರ ಒಲೆ ಉರಿಯುತ್ತಿರಲಿಲ್ಲ ಅಷ್ಟೆ. ಶಿವನು ನಡೆಸುತ್ತಾನೆಂಬುದು ನಿಜ. ದೀಪವನ್ನು ಹೊತ್ತಿಸಿ ತಿಳಿಸಿದ್ದೂ ಆ ನಡೆಸುವಿಕೆಯಲ್ಲಿಯೇ ಸೇರಿತೆಂದು ಏಕೆ ತಿಳಿಯಬಾರದು?

ಎರಡನೆಯ ಎಚ್ಚರಿಕೆಯನ್ನು ಮೀರುವವರೂ ಬಂಕಿನಲ್ಲಿ ಕಾಣಸಿಗುತ್ತಾರೆ. ಕೊಳವೆಯ ತುದಿಯಲ್ಲಿ ಒಂದು ಸಣ್ಣ ರಂಧ್ರವುಂಟು. ಪೆಟ್ರೋಲ್ ಏರಿ ಅದನ್ನು ಮುಚ್ಚಿದೊಡನೆ ಒಳಗಿನ ಕವಾಟವು ಬಿದ್ದು ಹರಿವು ನಿಲ್ಲುತ್ತದೆ. ಅಲ್ಲಿಗೆ ಸಾಲದೆ, ಇನ್ನೂ ಹಿಡಿಯುತ್ತದೆ, ಕತ್ತಿನವರೆಗೆ ಹಾಕು ಎಂದು ಕೆಲಸದ ಹುಡುಗನನ್ನು ಒತ್ತಾಯಿಸುವವರಿದ್ದಾರೆ. ಬಿಸಿಲಿಗೆ ಪೆಟ್ರೋಲ್ ಹಿಗ್ಗುವುದಕ್ಕಾಗಿ ಬಿಟ್ಟ ಜಾಗ ಅದು. ಮೇಲಾಗಿ, ಟ್ಯಾಂಕಿನ ಆವಿಯನ್ನು ಹೀರಿಕೊಳ್ಳಲು ಇದ್ದಲು ತುಂಬಿದ ಒಂದು ಡಬ್ಬಿಯಿರುತ್ತದೆ. ಹೆಚ್ಚಾದ ಪೆಟ್ರೋಲ್ ದ್ರವವಾಗಿಯೇ ಅಲ್ಲಿಗೆ ನುಗ್ಗಿದರೆ ಅದು ಕೆಡುತ್ತದೆ. ಬರಿದಾಗಿ ಓಡಿಸಿದರೂ ಕೆಡುಕು ತಪ್ಪದು: ಪೆಟ್ರೋಲ್ ತಳ್ಳುವ ಪಂಪು ಟ್ಯಾಂಕಿನೊಳಗೇ ಮುಳುಗಿದ್ದು ಆ ಪೆಟ್ರೋಲಿನಿಂದಲೇ ತಂಪಾಗುತ್ತದೆ, ಒಣಗಿದರೆ ಕಾಯುತ್ತದೆ. ಎರಡು ಎಲ್ಲೆಗಳ ನಡುವೆ ಇರುವಷ್ಟರಲ್ಲಿಯೇ ಯಂತ್ರಕ್ಕೆ ಆರೋಗ್ಯ.

ಇಷ್ಟೆಲ್ಲ ಹೇಳಿದ ಮೇಲೂ, ಹೊತ್ತಿದ ದೀಪವನ್ನು ಕಂಡಲ್ಲೆಲ್ಲ ಅಜಾಗರೂಕತೆಯನ್ನೇ ಕಾಣುವುದು ಅನ್ಯಾಯ. 2024ರ ಜೂನ್ ತಿಂಗಳಲ್ಲಿ ರಾಜ್ಯದ ಮಾರಾಟತೆರಿಗೆ ಏರಿದಾಗ ಬೆಂಗಳೂರಿನಲ್ಲಿ ಪೆಟ್ರೋಲಿನ ಬೆಲೆ ಲೀಟರಿಗೆ 102 ರೂಪಾಯಿಗಳನ್ನು ದಾಟಿತು. ಆ ದರದಲ್ಲಿ 37 ಲೀಟರಿನ ಒಂದು ಟ್ಯಾಂಕನ್ನು ತುಂಬಿಸಲು 3,800 ರೂಪಾಯಿ ಬೇಕು. ಬಾಡಿಗೆಯ ಕಾರು ಓಡಿಸಿ ದಿನದ ಅನ್ನ ಕಾಣುವವನು ಬೆಳಿಗ್ಗೆ 300 ರೂಪಾಯಿ ಹಾಕಿಸುತ್ತಾನೆ. ಮೂರು ಲೀಟರೂ ಬಾರದು. ಎರಡು ಬಾಡಿಗೆಯ ಹಣ ಕೈಗೆ ಬಂದ ಮೇಲೆ ಮತ್ತೆ 300 ರೂಪಾಯಿ. ಅವನ ಫಲಕದಲ್ಲಿ ಹಳದಿ ದೀಪ ಆರುವುದೇ ಅಪರೂಪ, ಆದರೆ ಅವನಷ್ಟು ಅವಧಾನವುಳ್ಳ ಚಾಲಕ ಮತ್ತೊಬ್ಬನಿಲ್ಲ. ಯಾವ ಬಂಕು ಎಷ್ಟು ದೂರ, ಯಾವ ರಸ್ತೆಯಲ್ಲಿ ಸಂದಣಿ, ಎಷ್ಟು ತೊಟ್ಟಿನಲ್ಲಿ ಎಲ್ಲಿಗೆ ಎಂಬುದು ಅವನಿಗೆ ಬಾಯಿಪಾಠ. ಅಂದಂದಿನ ಅಕ್ಕಿಯನ್ನು ಅಂದಂದೇ ಆಯುವವನು ಅವನು. ತುಂಬಿಸಲು ಶಕ್ತಿಯಿದ್ದೂ ನಾಳೆಗೆ ತಳ್ಳುವ ಶ್ರೀಮಂತನ ದೀಪಕ್ಕೂ ಈತನ ದೀಪಕ್ಕೂ ಬಣ್ಣ ಒಂದೇ ಆದರೂ ಅರ್ಥ ಒಂದೇ ಅಲ್ಲ. ಅಂಥವನು ವಿಜಯನಗರದಿಂದ ಕೆಂಗೇರಿಗೆ ಕರೆದೊಯ್ಯುವ ಮಧ್ಯದಲ್ಲಿ, ಸ್ವಾಮಿ, ಒಂದು ನಿಮಿಷ ಬಂಕಿಗೆ ತಿರುಗಿಸಲೇ ಎಂದು ಸಂಕೋಚದಿಂದ ಕೇಳಿದಾಗ ಹಿಂದೆ ಕುಳಿತ ಭಕ್ತನು ಗಡಿಯಾರವನ್ನು ನೋಡಿ ಗೊಣಗದೆ, ಬಾಡಿಗೆಯ ಹಣವನ್ನು ಆಗಲೇ ಎಣಿಸಿ ಅವನ ಕೈಗೆ ಕೊಡಬಹುದು.